ತಾಮ್ರದ ಪಟ್ಟಿಯ ಒಳಗೆ

"ಬಾಗಿಲ ಹತ್ತಿರ ಎಷ್ಟು?" ಎಂದರು ಅತ್ತೆ.

"ಸೊನ್ನೆ."

"ನೀರು ಹೋಗೋ ತೂಬಿನ ಹತ್ತಿರ?"

"ಅಲ್ಲೂ ಸೊನ್ನೆ. ಆಲೂಗಡ್ಡೆ ಹೇಗಿಟ್ಟಿದ್ವೋ ಹಾಗೇ ಇದೆ. ಒಂದು ಕಡೆಯೂ ಕಚ್ಚಿಲ್ಲ."

"ಹಾಗಾದ್ರೆ ಎದ್ದು ಮೇಲೆ ಬಾ. ಇಲ್ಲಿ ನೋಡು, ಮನೆ ತುಂಬ ನೆಂಟರು!"

ಬೆಳಗಿನ ಏಳು ಗಂಟೆ. ಗಾಜಿನ ಮನೆಯ ಸಿಮೆಂಟ್ ನೆಲದ ಮೇಲೆ ನಾನು ಅಂಬೆಗಾಲಿಡುತ್ತಿದ್ದೆ. ಅತ್ತೆ ಮಾತ್ರ ರಾಣಿಯ ಹಾಗೆ ಸ್ಟೂಲಿನ ಮೇಲೆ ಕೂತು, ಒಂದು ಕಡ್ಡಿಯಿಂದ ಕುಂಡದ ತಟ್ಟೆಯಲ್ಲಿದ್ದ ಅರ್ಧ ಆಲೂಗಡ್ಡೆಯನ್ನು ಮಗುಚುತ್ತಿದ್ದರು. ಅದರ ಅಡಿಗೆ ಅಂಟಿಕೊಂಡು ಐದು ಸಿಂಬಳದ ಹುಳುಗಳು, ಅಂದರೆ ಚಿಪ್ಪಿಲ್ಲದ ಬಸವನಹುಳುಗಳು, ಸುಖವಾಗಿ ನಿದ್ದೆ ಮಾಡುತ್ತಿದ್ದವು.

ಹೊಸದಾಗಿ ಓದುತ್ತಿರುವವರಿಗೆ ಒಂದೇ ಮಾತು: ಸಕ್ಯುಲೆಂಟ್ ಎನ್ನುವ ದಪ್ಪೆಲೆ ಗಿಡಗಳನ್ನು ಬೆಳೆಸುವವರ ಸಂಘದ ಈ ಗಾಜಿನ ಮನೆಯಲ್ಲಿ ಹದಿನೆಂಟು ಗಿಡ ಹಾಳಾಗಿವೆ, ಬಾಗಿಲು ತೆರೆದಿಟ್ಟು ಹುಳು ಒಳಗೆ ಬಿಟ್ಟವರು ಗಿಡ ನೋಡಿಕೊಳ್ಳುವ ಬೀಗದಜ್ಜನೇ ಎಂದು ಅಧ್ಯಕ್ಷೆ ಸಾರಿದ್ದಾರೆ, ಇಂದು ಸಂಜೆ ನಾಲ್ಕಕ್ಕೆ ಸಭೆ ಸೇರಿ ಅವರ ಕೈಯಿಂದ ಬೀಗದ ಕೈ ಕಿತ್ತುಕೊಳ್ಳಲಿದ್ದಾರೆ.

ಅತ್ತೆ ಮೂವತ್ತು ವರ್ಷ ತೂಕ-ಅಳತೆಯ ಇನ್ಸ್‌ಪೆಕ್ಟರ್ ಆಗಿದ್ದವರು. ಅಂಗಡಿಯವನ ನಗು ನೋಡಿ ತಕ್ಕಡಿಯ ಸುಳ್ಳು ಹಿಡಿಯುತ್ತಿದ್ದರಂತೆ. ನಾನು ಗಡಿಯಾರ ರಿಪೇರಿ ಮಾಡುವವಳು. ಬೇರೆ ಮನೆಗಳಲ್ಲಿ ಅತ್ತೆ ಸೊಸೆ ಜಗಳಕ್ಕೆ ಕಾರಣ ಹುಡುಕುತ್ತಾರೆ, ನಾವು ಹುಳ ಹುಡುಕುತ್ತೇವೆ. ನಿಜ ಹೇಳಬೇಕೆಂದರೆ ನನಗೆ ಇಷ್ಟು ಖುಷಿ ಕೊಡುವ ಕೆಲಸ ಇನ್ನೊಂದಿಲ್ಲ.

ಹಿಂದಿನ ದಿನ ನೆಲದ ಮೇಲೆ ಇಪ್ಪತ್ತು ಕಡೆ ಆಲೂಗಡ್ಡೆ ಹೋಳು ಇಟ್ಟಿದ್ದೆವು. ಹಾಳಾದ ಹದಿನೆಂಟು ಕುಂಡಗಳ ತಟ್ಟೆಯಲ್ಲೂ ಒಂದೊಂದು ಇಟ್ಟಿದ್ದೆವು. ಹುಳು ಎಲ್ಲಿಂದ ಬರುತ್ತಿದೆಯೋ ಅಲ್ಲಿನ ಆಲೂಗಡ್ಡೆಗೆ ಮೊದಲು ಮುತ್ತಬೇಕು ಎನ್ನುವುದು ಅತ್ತೆಯ ಲೆಕ್ಕ.

ಹುಳು ಸಿಕ್ಕಿದ್ದು ಬರೀ ತಟ್ಟೆಗಳಲ್ಲಿ. ನೆಲದ ಮೇಲೆ ಒಂದೂ ಇರಲಿಲ್ಲ.

"ಹೊರಗಿಂದ ಬಂದಿದ್ರೆ ನೆಲದ ಮೇಲೆ ಒಂದಾದ್ರೂ ಇರಬೇಕಿತ್ತು ಕಣೇ. ಬಾಗಿಲಿಗೂ ಹುಳಕ್ಕೂ ಸಂಬಂಧ ಇಲ್ಲ."

"ಅತ್ತೆ, ತಾಯಿಗಿಡದ ತಟ್ಟೇಲಿ ಮಾತ್ರ ಏನೂ ಸಿಗಲಿಲ್ಲ. ತಿಂದು ತೇಗಿ ಹೊರಟುಹೋಗಿರಬೇಕು."

ಅತ್ತೆ ಕತ್ತು ತಿರುಗಿಸಿ ಮೂಲೆಯ ಎತ್ತರದ ಮಣೆಯ ಕಡೆ ನೋಡಿದರು.

ತಾಯಿಗಿಡ ಅಂದರೆ ಸಂಘದ ಪ್ರಾಣ. ನಲವತ್ತು ವರ್ಷದ್ದು. ಅಗಲವಾದ ದಪ್ಪ ಎಲೆಗಳು ಹೂವಿನ ಪಕಳೆಯ ಹಾಗೆ ಸುತ್ತುಸುತ್ತಾಗಿ ಜೋಡಿಸಿಕೊಂಡಿವೆ, ಎಲೆಯ ಮೇಲೆಲ್ಲ ಪೌಡರ್ ಬಳಿದ ಹಾಗೆ ಬಿಳಿ ಹುಡಿ. ಸಂಘದವರ ಮನೆಗಳಲ್ಲಿರುವ ಅರ್ಧಕ್ಕರ್ಧ ಗಿಡಗಳು ಅದರ ಮಕ್ಕಳು ಮೊಮ್ಮಕ್ಕಳು. ಈಗ ಅದರ ನಡುವಿನ ಸುಳಿ ಇರಬೇಕಾದ ಜಾಗದಲ್ಲಿ ಒಂದು ಗುಳಿ ಇತ್ತು. ಅಧ್ಯಕ್ಷೆ ಇದನ್ನು ನೋಡಿದ ದಿನ ಊಟ ಬಿಟ್ಟರಂತೆ.

ಅಷ್ಟರಲ್ಲಿ ಬೀಗದಜ್ಜ ಮೂರು ಲೋಟ ಟೀ ಹಿಡಿದು ಬಂದರು. ಎಪ್ಪತ್ತೆರಡರ ಮನುಷ್ಯ, ಕೊರಳಿಗೆ ದಾರ, ದಾರದ ತುದಿಗೆ ಬೀಗದ ಕೈ. ಇಪ್ಪತ್ತೆರಡು ವರ್ಷ ಆ ದಾರ ಕೊರಳಿಂದ ಇಳಿದಿಲ್ಲ.

"ಅಣ್ಣಾ, ಕೂತ್ಕೊಳ್ಳಿ. ಒಂದು ಒಳ್ಳೇದು, ಒಂದು ಕೆಟ್ಟದ್ದು ಹೇಳ್ತೀನಿ," ಎಂದರು ಅತ್ತೆ.

"ಕೆಟ್ಟದ್ದು ಮೊದಲು ಹೇಳಿ ತಾಯಿ. ಟೀ ಕುಡಿದ ಮೇಲಾದ್ರೆ ಬಾಯಿ ಕಹಿ ಆಗುತ್ತೆ."

"ತಟ್ಟೆಗೆಲ್ಲ ಈ ತಾಮ್ರದ ಪಟ್ಟಿ ಸುತ್ತಿದ್ದು ಯಾರು?"

"ನಾನೇ. ಮೊದಲನೇ ಎಲೆ ಕಚ್ಚಿದ್ದು ಕಂಡಿತಲ್ಲ, ಅವತ್ತೇ ಎಲ್ಲಕ್ಕೂ ಸುತ್ತಿಬಿಟ್ಟೆ. ತಾಮ್ರ ಮುಟ್ಟಿದ್ರೆ ಅದಕ್ಕೆ ಷಾಕ್ ಹೊಡೆದ ಹಾಗಾಗುತ್ತಂತೆ. ದಾಟಲ್ಲ."

"ದಾಟಲ್ಲ, ನಿಜ. ಹೊರಗಿಂದ ಒಳಗೂ ಬರಲ್ಲ, ಒಳಗಿಂದ ಹೊರಗೂ ಹೋಗಲ್ಲ."

ಅಜ್ಜ ಟೀ ಲೋಟ ಕೆಳಗಿಟ್ಟರು.

"ಅಂದ್ರೆ ಹುಳು ಮೊದಲೇ ಕುಂಡದ ಮಣ್ಣಲ್ಲಿತ್ತು. ನಾನು ಅದರ ಸುತ್ತ ಬೇಲಿ ಹಾಕಿ, ಊಟ ಮಾಡು ಮಗನೇ ಅಂತ ಗಿಡ ಮುಂದಿಟ್ಟೆ?"

"ಹೂಂ."

"ಅಯ್ಯೋ ನನ್ನ ಬುದ್ಧಿಗೆ ಬೆಂಕಿ ಹಾಕ!" ಎಂದವರು ಒಮ್ಮೆಲೇ ನಕ್ಕುಬಿಟ್ಟರು. ನನಗೂ ತಡೆಯಲಾಗಲಿಲ್ಲ. ಮೂವರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

"ಒಳ್ಳೇದು ಏನು ತಾಯಿ?"

"ಬಾಗಿಲು ತೆರೆದಿಟ್ಟ ಆರೋಪ ಸುಳ್ಳು. ಸಂಜೆಯೊಳಗೆ ನಿಮ್ಮ ಬೀಗದ ಕೈ ಉಳಿಸಿಕೊಡ್ತೀನಿ."

ಅಜ್ಜ ದಾರವನ್ನು ಬೆರಳಿಗೆ ಸುತ್ತಿಕೊಂಡರು. "ಇದು ಹೋದ್ರೆ ಬೆಳಗ್ಗೆ ಎದ್ದು ಎಲ್ಲಿಗೆ ಹೋಗಲಿ ಅಂತ ಯೋಚನೆ ಮಾಡ್ತಾ ಇದ್ದೆ. ಕಾಲು ತಾನಾಗೇ ಇಲ್ಲಿಗೆ ಬಂದುಬಿಡುತ್ತೆ. ಬಂದು ಬಾಗಿಲ ಹೊರಗೆ ನಿಲ್ಲೋದು ಹೇಗೆ ಹೇಳಿ?" ಎಂದರು.

ಇನ್ನು ಉಳಿದದ್ದು ಒಂದೇ ಪ್ರಶ್ನೆ. ಹುಳು ಮಣ್ಣಿಗೆ ಹೇಗೆ ಬಂತು?

ಇಲ್ಲಿ ಬೀಗದಜ್ಜನ ಪದ್ಧತಿ ಹೇಳಬೇಕು. ಗಾಜಿನ ಮನೆಯ ಹಿಂದೆ ಒಂದು ಒಲೆ, ಅದರ ಮೇಲೆ ಕರಿ ಹಿಡಿದ ದೊಡ್ಡ ತಗಡು. ಯಾವ ಗಿಡಕ್ಕೆ ಮಣ್ಣು ಬದಲಿಸಬೇಕಾದರೂ ಅವರು ಮೊದಲು ಆ ಮಣ್ಣನ್ನು ತಗಡಿನ ಮೇಲೆ ಕಾಳು ಹುರಿದ ಹಾಗೆ ಹುರಿಯುತ್ತಾರೆ. ಹುಳು, ಮೊಟ್ಟೆ, ಕಳೆಬೀಜ ಎಲ್ಲ ಅಲ್ಲೇ ಸುಟ್ಟುಹೋಗುತ್ತವೆ. ಹುರಿಯದ ಮಣ್ಣು ಒಂದು ಹಿಡಿಯೂ ಇಲ್ಲಿಗೆ ಬರುವಂತಿಲ್ಲ.

ಅತ್ತೆ ಒಂದು ಒಳ್ಳೆಯ ಗಿಡದ ಮಣ್ಣು ಮೂಸಿದರು. ಆಮೇಲೆ ಹಾಳಾದ ಗಿಡದ್ದು ಮೂಸಿದರು. ಎರಡನ್ನೂ ನನ್ನ ಮೂಗಿಗೆ ಹಿಡಿದರು. ಮೊದಲನೆಯದು ಹೊಗೆ ಹೊಗೆ. ಎರಡನೆಯದು ಕೊಳೆತ ಎಲೆಯ ಹಸಿ ವಾಸನೆ.

"ಇದು ನಾನು ಹುರಿದ ಮಣ್ಣಲ್ಲ!" ಎಂದರು ಅಜ್ಜ. ಅವರ ಮುಖ ಕೆಂಪಾಯಿತು. ಕಳ್ಳನೆಂದು ಕರೆದಿದ್ದರೂ ಅಷ್ಟು ಬೇಸರವಾಗುತ್ತಿರಲಿಲ್ಲವೇನೋ.

ನಾನು ಗಡಿಯಾರದ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡೆ. ಮೇಲಿನ ಜಲ್ಲಿಕಲ್ಲು ಸರಿಸಿದಾಗ ಕೆಳಗೆ ಬೇರೆ ಥರದ ಚೂರುಗಳು ಕಂಡವು. ಬಿಳಿ, ಕೆಲವು ನಸುಗೆಂಪು, ಉಗುರಿಂದ ಕೆರೆದರೆ ಪುಡಿಯಾಗುವಷ್ಟು ಮೆತ್ತಗೆ. ಒಂದು ಚೂರನ್ನು ಚಿಮಟದಲ್ಲಿ ಎತ್ತಿ ತಿರುಗಿಸಿ ನೋಡಿದೆ. ನಾಲ್ಕು ಉಬ್ಬು, ನಡುವೆ ಒಂದು ತಗ್ಗು.

"ಅತ್ತೆ, ಇದು ದವಡೆ ಹಲ್ಲು!"

"ಯಾರದ್ದೇ?"

"ಯಾರದ್ದೂ ಅಲ್ಲ. ಪ್ಲಾಸ್ಟರ್‌ದು. ಹಲ್ಲು ಕಟ್ಟೋಕೆ ಅಚ್ಚು ತೆಗೀತಾರಲ್ಲ, ಅದರ ಚೂರು."

ಅತ್ತೆ ತಮ್ಮ ಕಟ್ಟಿಸಿದ ಹಲ್ಲನ್ನು ನಾಲಿಗೆಯಿಂದ ಒಮ್ಮೆ ತಳ್ಳಿ ನೋಡಿಕೊಂಡರು. ಸಂಘದ ಹನ್ನೊಂದು ಸದಸ್ಯರಲ್ಲಿ ಹಲ್ಲಿನ ಡಾಕ್ಟರು ಒಬ್ಬರೇ. ಆ ಹಲ್ಲು ಕಟ್ಟಿದ್ದೂ ಅವರೇ.

"ನಂಗೆ ಯಾಕೋ ಇವತ್ತು ಹಲ್ಲುನೋವು ಅನ್ನಿಸ್ತಿದೆ ಕಣೇ," ಎಂದರು ಅತ್ತೆ. "ನಾನು ಬಾಯಿ ತೆರೆದು ಕೂತಿರ್ತೀನಿ. ಮಾತೆಲ್ಲ ನೀನೇ ಆಡಬೇಕು. ಕೈಲಿ ಕೆಲಸ ಹಿಡಿದ ಮನುಷ್ಯ ಎದ್ದು ಹೋಗೋಕಾಗಲ್ಲ."

ಹೊರಡುವ ಮುಂಚೆ ಹುಳುಗಳನ್ನೆಲ್ಲ ಮುಚ್ಚಳದ ಡಬ್ಬಿಗೆ ತುಂಬಿದೆವು. ನಮ್ಮ ಪಕ್ಕದ ಮನೆಯವರ ಬಾತುಕೋಳಿಗಳಿಗೆ ಆ ದಿನ ಭರ್ಜರಿ ಊಟ.

*

ಕ್ಲಿನಿಕ್ ಅಂದರೆ ಎರಡೇ ಕೋಣೆ. ಒಳಗಿನದರಲ್ಲಿ ಹಸಿರು ಕುರ್ಚಿ, ತಲೆಯ ಮೇಲೆ ಬಗ್ಗಿದ ದೀಪ, ಬಾಯಿ ಮುಕ್ಕಳಿಸುವ ಪುಟ್ಟ ಬೇಸಿನ್. ಕಿಟಕಿಯ ಕಟ್ಟೆಯ ಮೇಲೆ ಒಂದೊಂದು ಟೀ ಕಪ್ಪಿನಲ್ಲಿ ಒಂದೊಂದು ದಪ್ಪೆಲೆ ಗಿಡ. ಗೋಡೆಯ ಕಪಾಟಿನಲ್ಲಿ ಪ್ಲಾಸ್ಟರ್ ದವಡೆಗಳು ಸಾಲಾಗಿ ಹಲ್ಲು ಕಿರಿಯುತ್ತಿದ್ದವು. ಕೆಳಗಿನ ಎರಡು ಸಾಲು ಮಾತ್ರ ಖಾಲಿ, ದೂಳಿನ ಮೇಲೆ ದವಡೆಗಳಿದ್ದ ಗುರುತು ಹಾಗೇ ಉಳಿದಿತ್ತು.

ಡಾಕ್ಟರು ದುಂಡುಮುಖದ, ನಾಚಿಕೆ ಸ್ವಭಾವದ ಮನುಷ್ಯ. ಕನ್ನಡಿ ಕಡ್ಡಿಯನ್ನು ಅತ್ತೆಯ ಬಾಯೊಳಗಿಟ್ಟರು. "ಎಲ್ಲಿ ನೋಯ್ತಿದೆ?"

"ಆಆ," ಎಂದರು ಅತ್ತೆ.

"ಡಾಕ್ಟ್ರೇ, ಕೆಳಗಿನ ದವಡೆಗಳೆಲ್ಲ ಎಲ್ಲಿ ಹೋದವು?" ಎಂದೆ ನಾನು.

"ಯಾವುದು? ಓ, ಅವಾ? ಹಳೇದಾಗಿತ್ತು. ಎಸೆದೆ."

"ಎಲ್ಲಿಗೆ?"

"ಕಸಕ್ಕೆ."

ನಾನು ಕರವಸ್ತ್ರ ಬಿಚ್ಚಿ, ದವಡೆ ಹಲ್ಲಿನ ಚೂರನ್ನು ಅವರ ಟ್ರೇಯಲ್ಲಿ, ಚಿಮಟ ಕತ್ತರಿಗಳ ನಡುವೆ ಇಟ್ಟೆ. "ಕಸಕ್ಕೆ ಎಸೆದಿದ್ದು ಕುಂಡದಲ್ಲಿ ಸಿಕ್ತು."

ಕನ್ನಡಿ ಕಡ್ಡಿ ಅತ್ತೆಯ ಹಲ್ಲಿಗೆ ತಾಗಿ ಟಣ್ಣೆಂದಿತು. ಅತ್ತೆ ಕಣ್ಣು ಮಾತ್ರ ತಿರುಗಿಸಿ ಡಾಕ್ಟರನ್ನೇ ನೋಡಿದರು. ತಕ್ಕಡಿಯವರು ಎಷ್ಟೋ ಮಂದಿ ಆ ನೋಟಕ್ಕೇ ಬೆವರಿದ್ದಾರೆ.

"ಅದು... ಜಲ್ಲಿ ಬದಲು... ನೀರು ಬೇಗ ಇಳಿಯುತ್ತೆ ಅಂತ," ಎಂದರು ಡಾಕ್ಟರು.

"ಮಣ್ಣು ಬದಲಿಸಿದ್ದು ನೀವೇನಾ?"

"ಹೂಂ."

"ಅಜ್ಜನಿಗೆ ಹೇಳದೆ?"

"ಹೇಳಿದ್ರೆ ಬಿಡ್ತಾರಾ? ಭುಜ ಎತ್ತೋಕಾಗಲ್ಲ ಅವರಿಗೆ, ಆದ್ರೂ ತಗಡು ಎಳೀತಾರೆ, ಮಣ್ಣು ಹುರೀತಾರೆ. ನೋಡಿ ನೋಡಿ ಸಾಕಾಯ್ತು ನಂಗೆ. ಅವರ ರಜೆ ದಿನ, ಗಿಡ ನೋಡ್ಕೊಂಡು ಬರ್ತೀನಿ ಅಂತ ಅಧ್ಯಕ್ಷೆ ಹತ್ರ ಇರೋ ಇನ್ನೊಂದು ಬೀಗದ ಕೈ ಇಸ್ಕೊಂಡು ಹೋಗಿ, ಒಂದೇ ಸಮ ಕೂತು ಮಾಡಿ ಮುಗಿಸಿದೆ. ಅವರಿಗೆ ಒಂದು ತಿಂಗಳ ಕೆಲಸ ಕಮ್ಮಿ ಆಗ್ಲಿ ಅಂತ."

"ಮಣ್ಣಿಗೆ ಬೆರೆಸಿದ ಎಲೆಗೊಬ್ಬರ ಹುರಿದ್ರಾ?"

ಡಾಕ್ಟರು ನೆಲ ನೋಡಿದರು. "ಚೀಲದ ಮೇಲೆ ಶುದ್ಧ ಅಂತ ಬರೆದಿತ್ತು."

ನನಗೆ ನಗುವೂ ಬಂತು, ಕೋಪವೂ ಬಂತು. ಸೂಜಿಯನ್ನು ಮೂರು ಸಲ ಕುದಿಸುವ ಮನುಷ್ಯ, ಗೊಬ್ಬರದ ಚೀಲದ ಮಾತು ನಂಬಿಬಿಟ್ಟಿದ್ದರು!

"ಹುಳು ಕಂಡಾಗ ಬಾಯಿ ಬಿಡಬಹುದಿತ್ತಲ್ಲ ಡಾಕ್ಟ್ರೇ? ಇಪ್ಪತ್ತೆರಡು ವರ್ಷ ದುಡಿದ ಮನುಷ್ಯನನ್ನ ಹೊರಗೆ ಹಾಕ್ತಿದ್ದಾರೆ. ಇವತ್ತು ನೀವೂ ಕೈ ಎತ್ತೋರಾ?"

"ಬಿಡಬೇಕು ಅಂತ ದಿನಾ ಅಂದ್ಕೊಂಡೆ. ದಿನಾ ಧೈರ್ಯ ಸಾಲಲಿಲ್ಲ. ಮೊದಮೊದಲು ಒಂದೆರಡು ಎಲೆ, ಆಮೇಲೆ ಇಡೀ ಗಿಡ... ಎಲ್ಲಾರೂ ನನ್ನ ನೋಡಿ ನಗ್ತಾರೆ ಅಂತ ಹೆದರಿಕೆ." ಅವರ ಕಣ್ಣು ತುಂಬಿತು. "ಅಜ್ಜ ನನಗೆ ಗಿಡ ನೆಡೋದು ಹೇಳಿಕೊಟ್ಟವರು. ಇವತ್ತು ನಾನೇ ಎದ್ದು ನಿಂತು ಹೇಳ್ತೀನಿ. ಹದಿನೇಳು ಕುಂಡಕ್ಕೂ ನಾನೇ ಹೊಣೆ."

"ಹದಿನೆಂಟು," ಎಂದೆ ನಾನು.

"ಇಲ್ಲ, ಹದಿನೇಳೇ. ಎಣಿಸಿಕೊಂಡೇ ಮಾಡಿದ್ದು."

"ತಾಯಿಗಿಡ?"

"ಅಯ್ಯಯ್ಯೋ! ಅದನ್ನ ಮುಟ್ಟೋ ಧೈರ್ಯ ನನಗೆಲ್ಲಿದೆ? ಅದರ ಮಣ್ಣು ನಾನು ಬದಲಿಸಲಿಲ್ಲ."

ಅತ್ತೆ ಡಾಕ್ಟರ ಕೈಯನ್ನು ತಾವೇ ಬಾಯಿಂದ ಸರಿಸಿ ಎದ್ದು ಕೂತರು. ಬೇಸಿನ್ನಿಗೆ ಬಾಯಿ ಮುಕ್ಕಳಿಸಿದರು. "ಹಲ್ಲುನೋವು ಹೋಯ್ತು ಡಾಕ್ಟ್ರೇ. ನಾಲ್ಕು ಗಂಟೆಗೆ ಬನ್ನಿ," ಎಂದಷ್ಟೇ ಹೇಳಿದರು.

ರಸ್ತೆಗಿಳಿದ ಮೇಲೆ ಅವರ ನಡಿಗೆ ನಿಧಾನವಾಯಿತು. ಮೆಕ್ಯಾನಿಕ್ ಅಂಗಡಿ, ಬಟ್ಟೆ ಇಸ್ತ್ರಿಯ ಅಂಗಡಿ, ಬಸ್ ಸ್ಟಾಪು ದಾಟಿದೆವು.

"ತಾಯಿಗಿಡದ ಮಣ್ಣು ಹುರಿದ ಮಣ್ಣೇ," ಎಂದರು ಕೊನೆಗೆ. "ತಟ್ಟೇಲಿ ಹುಳು ಇರಲಿಲ್ಲ. ಎಲೆ ಮೇಲಿನ ಬಿಳಿ ಹುಡಿ ಸ್ವಲ್ಪವೂ ಅಳಿಸಿಲ್ಲ. ಸಿಂಬಳ ಎಳೀತಾ ಹೋಗೋ ಹುಳು ಹುಡಿ ಅಳಿಸದೆ ಸುಳಿವರೆಗೆ ಹೋಗುತ್ತಾ?"

"ಹಾರಿಕೊಂಡು ಹೋಗಬೇಕು."

"ತಿಂದಾದ ಮೇಲೆ ತಾಮ್ರ ಹೇಗೆ ದಾಟಿತು ಹಾಗಾದ್ರೆ?"

"ಅಂದ್ರೆ ಹುಳು ಅಲ್ಲ."

"ಅಲ್ಲ. ಯಾರೋ ಕೊಯ್ದಿದ್ದಾರೆ. ಉಳಿದ ಗಿಡ ಹುಳು ತಿಂತಿದೆ, ಇದನ್ನೂ ಅದರ ಲೆಕ್ಕಕ್ಕೇ ಸೇರಿಸ್ತಾರೆ ಅಂತ ಗೊತ್ತಿದ್ದವರು." ಅತ್ತೆ ನನ್ನ ಮೊಣಕೈ ಹಿಡಿದರು. "ಸಭೇಲಿ ಇದರ ಸೊಲ್ಲೆತ್ತಬೇಡ. ಮೊದಲು ಅಣ್ಣನ ಬೀಗದ ಕೈ ಉಳೀಲಿ. ಮಿಕ್ಕಿದ್ದು ನಾಳೆ ನೋಡೋಣ."

*

ನಾಲ್ಕು ಗಂಟೆಗೆ ಗಾಜಿನ ಮನೆಯ ಮುಂದಿನ ಕೋಣೆಯಲ್ಲಿ ಹನ್ನೊಂದು ಜನ ಉದ್ದನೆಯ ಮೇಜಿನ ಸುತ್ತ ಕೂತಿದ್ದರು. ಬೀಗದಜ್ಜ ಬಾಗಿಲ ಬಳಿ ಒಂದು ಸ್ಟೂಲಿನ ಮೇಲೆ, ನಾವಿಬ್ಬರೂ ಕಿಟಕಿಯ ಪಕ್ಕ. ಅಧ್ಯಕ್ಷೆ ಹಿಂದೆ ಹೆಡ್‌ಮಿಸ್ಟ್ರೆಸ್ ಆಗಿದ್ದವರು, ನಿವೃತ್ತಿಯಾದರೂ ಕೈಗಂಟೆ ಬಿಟ್ಟಿಲ್ಲ. ಎರಡು ಸಲ ಬಾರಿಸಿ, "ವಿಷಯಕ್ಕೆ ಬರೋಣ," ಎಂದರು.

ಅವರು ವಿಷಯಕ್ಕೆ ಬರುವ ಮೊದಲೇ ಹಲ್ಲಿನ ಡಾಕ್ಟರು ಎದ್ದು ನಿಂತರು. ಎಲೆಗೊಬ್ಬರ, ಪ್ಲಾಸ್ಟರ್ ದವಡೆ, ಹುರಿಯದ ಮಣ್ಣು, ಒಂದನ್ನೂ ಮುಚ್ಚಿಡಲಿಲ್ಲ. ಅತ್ತೆ ಆಲೂಗಡ್ಡೆಯ ಕಥೆ ಹೇಳಿದರು. ನಾನು ಹಲ್ಲಿನ ಚೂರನ್ನೂ ಭೂತಗನ್ನಡಿಯನ್ನೂ ಮೇಜಿನ ಸುತ್ತ ಕಳಿಸಿದೆ.

ಮೊದಲು ಒಬ್ಬರು ನಕ್ಕರು, ಆಮೇಲೆ ಇನ್ನೊಬ್ಬರು. "ನಮ್ಮ ಗಿಡಕ್ಕೆ ಹಲ್ಲು ಕಟ್ಟಿಸಿಬಿಟ್ರಲ್ಲ ಡಾಕ್ಟ್ರೇ!" ಎಂದು ಯಾರೋ ಕೂಗಿದಾಗ ಇಡೀ ಕೋಣೆ ಗೊಳ್ಳೆಂದಿತು. ಡಾಕ್ಟರು ಕೂಡ ಮೂಗು ಒರೆಸಿಕೊಳ್ಳುತ್ತ ನಕ್ಕರು.

ಅಧ್ಯಕ್ಷೆಗೆ ಮಾತ್ರ ನಗು ಬರಲಿಲ್ಲ. ಆದರೆ ಅವರು ನ್ಯಾಯ ಬಿಟ್ಟವರಲ್ಲ. ಎದ್ದು ಬೀಗದಜ್ಜನ ಮುಂದೆ ನಿಂತರು.

"ನಾನು ವಿಚಾರಿಸದೆ ನಿಮ್ಮ ಮೇಲೆ ಅಪವಾದ ಹೊರಿಸಿದೆ. ತಪ್ಪಾಯ್ತು. ಬೀಗದ ಕೈ ನಿಮ್ಮ ಹತ್ತಿರವೇ ಇರುತ್ತೆ."

ಎಲ್ಲರೂ ಚಪ್ಪಾಳೆ ತಟ್ಟಿದರು. ಅತ್ತೆ ನನ್ನ ಕೈ ಹಿಸುಕಿದರು. ನನಗೆ ಕುಣಿಯಬೇಕೆನ್ನಿಸಿತು. ತಾಯಿಗಿಡದ ಸುದ್ದಿಯನ್ನು ಯಾರೂ ಎತ್ತಲಿಲ್ಲ, ಅದೂ ಹುಳದ ಲೆಕ್ಕಕ್ಕೇ ಸೇರಿಹೋಗಿತ್ತು. ಒಬ್ಬರು ಬಿಸ್ಕತ್ತಿನ ಪೊಟ್ಟಣ ಬಿಚ್ಚಿದರು, ಇನ್ನೊಬ್ಬರು ಟೀಗೆ ನೀರಿಟ್ಟರು.

ಬೀಗದಜ್ಜ ಸ್ಟೂಲಿನಿಂದ ಎದ್ದರು. ಕೊರಳಿನ ದಾರವನ್ನು ತಲೆಯ ಮೇಲಿಂದ ತೆಗೆದರು.

"ಅಣ್ಣಾ," ಎಂದರು ಅತ್ತೆ ಮೆಲ್ಲಗೆ. ಅವರಿಗೆ ನನಗಿಂತ ಒಂದು ಕ್ಷಣ ಮೊದಲೇ ಅರ್ಥವಾಗಿತ್ತು.

"ಇಲ್ಲ ತಾಯಿ. ನೀವು ಇಷ್ಟು ಕಷ್ಟಪಟ್ಟಿದ್ದೀರಿ, ಈ ಹುಡುಗ ಇಷ್ಟು ಜನರ ಮುಂದೆ ನಿಜ ಹೇಳಿದ್ದಾನೆ. ನಾನು ಸುಮ್ಮನೆ ಕೂತು ಬಿಸ್ಕತ್ತು ತಿಂದ್ರೆ ಗಂಟಲಲ್ಲಿ ಇಳಿಯಲ್ಲ." ಅವರು ಮೇಜಿನ ಹತ್ತಿರ ಬಂದರು. "ಹದಿನೇಳು ಗಿಡ ಹುಳು ತಿಂತು. ತಾಯಿಗಿಡದ ಸುಳಿ ಹುಳು ತಿಂದಿದ್ದಲ್ಲ. ಕೊಯ್ದಿದ್ದು ನಾನು."

ಬಿಸ್ಕತ್ತು ಹಿಡಿದ ಕೈಗಳು ಹಾಗೇ ನಿಂತವು.

"ನೀವಾ?" ಎಂದರು ಅಧ್ಯಕ್ಷೆ. "ಯಾಕೆ?"

"ಕೇಳಿದವರಿಗೆ ಇಲ್ಲ ಅನ್ನೋಕಾಗಲಿಲ್ಲ. ಮತ್ತೆ ಕೇಳಿದ್ರೂ ಕೊಯ್ದು ಕೊಡ್ತೀನಿ. ಅಂಥವನ ಕೈಲಿ ಬೀಗದ ಕೈ ಇರಬಾರದು."

"ಯಾರು ಕೇಳಿದ್ದು? ಸುಳಿ ಈಗ ಎಲ್ಲಿದೆ?"

ಅಜ್ಜನ ಮುಖದಲ್ಲಿ ಹೆದರಿಕೆ ಇರಲಿಲ್ಲ. ಬೆಳಗ್ಗೆ ಬಾಗಿಲ ಹೊರಗೆ ನಿಲ್ಲುವ ಮಾತಾಡಿದ ಮನುಷ್ಯ ಇವರೇನಾ ಎನ್ನುವಷ್ಟು ನೆಮ್ಮದಿಯಾಗಿದ್ದರು.

"ಬದುಕಿದೆ. ಬೇರು ಬಿಟ್ಟಿದೆ. ಈ ಕೋಣೇಲಿ ಕೂತಿರೋ ಒಬ್ಬರ ಮನೇಲಿದೆ. ಅವರಾಗೇ ಹೇಳಿದ್ರೆ ಹೇಳಲಿ, ನನ್ನ ಬಾಯಿಂದ ಬರಲ್ಲ."

ಹನ್ನೊಂದು ಜನ ಒಬ್ಬರ ಮುಖ ಒಬ್ಬರು ನೋಡಿದರು. ಅತ್ತೆ ಮುಖದಿಂದ ಮುಖಕ್ಕೆ ಕಣ್ಣು ಹಾಯಿಸುತ್ತ ಹೋದರು, ನಾನೂ ಹಾಯಿಸಿದೆ. ಯಾರೂ ಬಾಯಿ ಬಿಡಲಿಲ್ಲ.

ಬೀಗದಜ್ಜ ಇನ್ನೂ ಸ್ವಲ್ಪ ಹೊತ್ತು ಕಾದರು. ಆಮೇಲೆ ಬೀಗದ ಕೈಯನ್ನು ಮೇಜಿನ ಮೇಲಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು.